ನಡು ಅಂಕಣದ ಓರೆತೊಲೆ

ಬಲಬಣ್ಣ ಬಂದ ಮೇಲೆ ನಮ್ಮ ಹೊಳೆಮುರಡಿಯಲ್ಲಿ ಎಲ್ಲರೂ ಇಂಜಿನಿಯರುಗಳಾದರು. ಆಗದೆ ಉಳಿದವಳು ಇಂಜಿನಿಯರಿಂಗ್ ಓದಿದ ನಾನೊಬ್ಬಳೇ.

ಬಲಬಣ್ಣ ಎಂದರೆ ಕಬ್ಬಿಣಕ್ಕೆ ಬಳಿಯುವ ಒಂದು ಪೇಂಟು. ಕೂದಲಿಗಿಂತ ಎಷ್ಟೋ ಪಟ್ಟು ತೆಳುವಾದ ಪದರಗಳು ಅದರಲ್ಲಿ ಒಂದರ ಮೇಲೊಂದು ಕೂತಿರುತ್ತವೆ. ತೊಲೆಯನ್ನು ಉದ್ದಕ್ಕೆ ಎಳೆದರೆ ಆ ಪದರಗಳು ಇನ್ನಷ್ಟು ತೆಳುವಾಗಿ ಬಣ್ಣ ನೀಲಿಗೆ ತಿರುಗುತ್ತದೆ. ಎರಡೂ ತುದಿಯಿಂದ ಒತ್ತಿದರೆ ಪದರಗಳು ದಪ್ಪಗಾಗಿ ಕೆಂಪಾಗುತ್ತದೆ. ಎಳೆತವೂ ಇಲ್ಲ, ಒತ್ತಡವೂ ಇಲ್ಲ ಅಂದರೆ ಹಸಿರು. ಕಬ್ಬಿಣದ ಹೊಟ್ಟೆಯೊಳಗೆ ಏನು ನಡೆದಿದೆ ಎಂದು ತಿಳಿಯಲು ನಾವು ಕಾಲೇಜಿನಲ್ಲಿ ಕಾಗದದ ಮೇಲೆ ಸೇತುವೆಯನ್ನು ಮನಸ್ಸಿನಲ್ಲೇ ಕತ್ತರಿಸಿ, ಒಂದು ತುಂಡನ್ನು ಹಿಡಿದುಕೊಂಡು, ಇದು ಅಲುಗಾಡದೆ ನಿಲ್ಲಬೇಕಾದರೆ ಕತ್ತರಿಸಿದ ತೊಲೆಗಳಲ್ಲಿ ಎಷ್ಟೆಷ್ಟು ಬಲ ಇರಬೇಕು ಎಂದು ಲೆಕ್ಕ ಮಾಡುತ್ತಿದ್ದೆವು. ಬಣ್ಣ ಬಂದ ಮೇಲೆ ಅದೆಲ್ಲ ಯಾರಿಗೆ ಬೇಕು? ಕಣ್ಣಿದ್ದವರಿಗೆಲ್ಲ ಕಾಣುತ್ತದಲ್ಲ!

ಕಂಡಿತು, ನಿಜ. ಆದರೆ ಜನ ಅದನ್ನು ರಸ್ತೆಯ ಸಿಗ್ನಲ್ ದೀಪದ ಹಾಗೆ ಓದಿದರು. ಹಸಿರು ಒಳ್ಳೆಯದು, ಕೆಂಪು ಕೆಟ್ಟದ್ದು, ನೀಲಿ ತಂಪು. ಮದುವೆ ಛತ್ರದ ತಗಡಿನ ಮಾಡಿಗೂ ಬಲಬಣ್ಣ ಬಳಿಸಿದರು. ಊಟದ ಪಂಕ್ತಿಯ ಮೇಲಿನ ತೊಲೆ ಸ್ವಲ್ಪ ಕೆಂಪಗೆ ಕಂಡರೆ ಬೀಗರು ಎಲೆ ಬಿಟ್ಟು ಎದ್ದು, ಹಸಿರು ತೊಲೆ ಇದ್ದ ಕಡೆ ಹೋಗಿ ಕೂತರು. ಬಾಡಿಗೆಗೆ ಮನೆ ನೋಡಲು ಬಂದವರು ನೀರಿನ ಬಗ್ಗೆ ಕೇಳುವ ಮೊದಲು ತಲೆ ಎತ್ತಿ ಮಾಡು ನೋಡುತ್ತಿದ್ದರು. ಊರಿನ ಸೇತುವೆ ನೋಡಿಕೊಳ್ಳುವ ನಮ್ಮ ಇಲಾಖೆಯೂ ಕಡಿಮೆಯದಲ್ಲ. ಒತ್ತಡಕ್ಕೆ ಸಿಕ್ಕ ತೊಲೆ ಹೇಳದೆ ಕೇಳದೆ ಬಾಗಿ ಮುರಿಯುವುದುಂಟು ಎಂಬ ಅರ್ಧ ಸತ್ಯವನ್ನು ಹಿಡಿದುಕೊಂಡು, ಸೇತುವೆಯ ಎರಡೂ ಬಾಯಿಗೆ ದೊಡ್ಡ ಬೋರ್ಡು ಹಾಕಿಸಿತು: ‘ಕೆಂಪು ಕಂಡರೆ ಸೇತುವೆ ಬಿಡಿ.’ ಅಂದಿನಿಂದ ಊರಲ್ಲಿ ಒಂದು ಪದ್ಧತಿಯೇ ಬೆಳೆಯಿತು. ಸೇತುವೆಯ ಮೇಲಿದ್ದಾಗ ಪಕ್ಕದ ಯಾವುದಾದರೂ ತೊಲೆ ಕೆಂಪಾದರೆ, ಕಂಡವರು “ಕೆಂಪ್ ಬಂತೋ!” ಎಂದು ಕೂಗಬೇಕು, ಕೇಳಿಸಿಕೊಂಡವರು ಹತ್ತಿರದ ದಡಕ್ಕೆ ಓಡಬೇಕು. ಯಾಕೆ ಏನು ಅಂತ ಕೇಳುವಂತಿಲ್ಲ. ಈ ಓಟ ಅವರ ತಲೆಯಲ್ಲಲ್ಲ, ಕಾಲಿನಲ್ಲೇ ಸೇರಿಹೋಗಿತ್ತು.

ನನ್ನ ಗಂಡ ಸಂಗನಬಸು ಆ ಓಟಗಾರರಲ್ಲಿ ಮೊದಲಿಗರು. ಹೊಳೆಯ ನಡುವೆ ಜಾಲಿಗಡ್ಡಿ ಎಂಬ ನಡುಗಡ್ಡೆ ಇದೆ; ಅಲ್ಲಿಯ ಆಸ್ಪತ್ರೆಯಲ್ಲಿ ಅವರು ಕಂಪೌಂಡರ್. ದಿನಾ ಸೇತುವೆ ದಾಟಿ ಹೋಗಬೇಕು, ದಾಟಿ ಬರಬೇಕು. ಅದೇ ಸೇತುವೆಯ ಕಂಟ್ರೋಲ್ ರೂಮಿನಲ್ಲಿ ನಾನು ಇಂಜಿನಿಯರ್. ಹೆಂಡತಿ ಕಾಯುವ ಸೇತುವೆಯ ಮೇಲೆ ಗಂಡ ಎದ್ದುಬಿದ್ದು ಓಡುವುದನ್ನು ಕ್ಯಾಮೆರಾದಲ್ಲಿ ನೋಡಿ ಆಫೀಸಿನವರೆಲ್ಲ ನಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆ ದಿನ ಬೆಳಿಗ್ಗೆಯೂ ಇದೇ ಜಗಳ. ಹೊಳೆ ತುಂಬಿ ಬಂದಿತ್ತು. ನಡುಗಡ್ಡೆಯ ಜನರನ್ನು ಹಿಂದಿನ ದಿನದಿಂದಲೇ ಈಚೆ ದಡಕ್ಕೆ ಸಾಗಿಸುತ್ತಿದ್ದರು. ಆಸ್ಪತ್ರೆಯ ರೋಗಿಗಳು ಮತ್ತು ಅವರ ಮನೆಯವರು ಮಾತ್ರ ಉಳಿದಿದ್ದರು. ರೊಟ್ಟಿ ಮುರಿಯುತ್ತಾ ಇವರು ಕೇಳಿದರು.

“ಇವತ್ತು ಸೇತುವೆ ಬಣ್ಣ ಹೆಂಗದ?”

“ಚಲೋ ಅದ. ಮ್ಯಾಲಿನ ತೊಲಿ ಒಂದೀಟು ಕೆಂಪಗಿರ್ತಾವ, ಅವು ಇರಬೇಕಾದ್ದೇ ಹಂಗ.”

“ಕೆಂಪಗದ ಅಂತೀ, ಚಲೋ ಅದ ಅಂತೀ. ಒಂದ ಬಾಯಾಗ ಎರಡು ಮಾತು.”

“ಕೆಂಪಂದ್ರ ಒತ್ತಡರೀ. ನಿಮ್ಮ ಕಾಲೂ ಒತ್ತಡದಾಗ ನಿಂತಾವು. ಹಂಗಂತ ಕಾಲು ಬಿಟ್ಟು ಓಡ್ತೀರೇನು?”

“ನಿನ್ನ ಲೆಕ್ಕ ನಿನಗಿರ್ಲಿ ಕಸ್ತೂರಿ, ನನ್ನ ಜೀವ ನನಗಿರ್ಲಿ,” ಎಂದು ಚಟ್ನಿಯನ್ನೂ ಮುಟ್ಟದೆ ಎದ್ದು ಹೋದರು. ನಾನೂ ಮುಖ ತಿರುಗಿಸಿಕೊಂಡು ಬುತ್ತಿ ಕಟ್ಟಿದೆ. ಜೋಪಾನ ಅಂತ ಒಂದು ಮಾತು ಹೇಳಲಿಲ್ಲ.

ಮರ ಬಂದು ಬಡಿದಾಗ ನಾನು ಕಂಟ್ರೋಲ್ ರೂಮಿನಲ್ಲೇ ಇದ್ದೆ. ಬೇರುಸಮೇತ ಕಿತ್ತು ಬಂದ ದೊಡ್ಡ ಮರ. ನೀರು ಸೇತುವೆಯ ಅಡಿ ಮುಟ್ಟುವಷ್ಟು ಏರಿತ್ತು, ಹಾಗಾಗಿ ಅದರ ಬುಡ ನೇರ ಸೇತುವೆಯ ಪಕ್ಕಕ್ಕೇ ಗುದ್ದಿತು. ಪರದೆಯ ಮೇಲಿನ ಚಿತ್ರವೆಲ್ಲ ನಡುಗಿತು. ಆಪರೇಟರ್ ಮೌನೇಶ ಕ್ಯಾಮೆರಾವನ್ನು ಹತ್ತಿರಕ್ಕೆ ತಂದು ತೋರಿಸಿದ.

“ಮೇಡಂ, ನಡು ಅಂಕಣ. ಓರೆತೊಲಿ ಸೀಳ್ಯಾದ್ರಿ.”

ನಮ್ಮ ಸೇತುವೆ ಒಂದೇ ಹಾರಿಗೆ ಊರ ದಡದಿಂದ ಗಡ್ಡೆಗೆ ದಾಟುತ್ತದೆ. ಎರಡು ಪಕ್ಕಕ್ಕೂ ಕಬ್ಬಿಣದ ತೊಲೆಗಳ ಚೌಕಟ್ಟು, ಒಂಬತ್ತು ಅಂಕಣಗಳಾಗಿ. ಪ್ರತಿ ಅಂಕಣವೂ ಒಂದು ಚೌಕ; ಅದರ ಒಂದು ಮೂಲೆಯಿಂದ ಎದುರು ಮೂಲೆಗೆ ಒಂದು ಓರೆತೊಲೆ. ಆ ಓರೆತೊಲೆಯೇ ಚೌಕವನ್ನು ಎರಡು ತ್ರಿಕೋನ ಮಾಡುವುದು. ತ್ರಿಕೋನಕ್ಕೆ ಸೊಟ್ಟಗಾಗಲು ಬರುವುದಿಲ್ಲ, ಚೌಕಕ್ಕೆ ಬರುತ್ತದೆ. ಓರೆತೊಲೆ ಹೋದರೆ ನಡು ಅಂಕಣ ಹಳೆಯ ಮಂಚದ ಹಾಗೆ ಒಂದು ಕಡೆಗೆ ವಾಲುತ್ತದೆ, ಇಡೀ ಸೇತುವೆ ಹೊಳೆಗೆ ಬೀಳುತ್ತದೆ. ಬುಡದ ಹತ್ತಿರ ಅದು ಬಹುಪಾಲು ಸೀಳಿ, ಒಂದು ಚೂರು ಮಾತ್ರ ಹಿಡಿದುಕೊಂಡಿತ್ತು. ಆದರೂ ಸೇತುವೆ ನಿಂತಿತ್ತು, ತೊಲೆ ಹಸಿರಾಗಿತ್ತು.

ಯಂತ್ರ ತನ್ನಷ್ಟಕ್ಕೆ ತಾನೇ ಎರಡೂ ಕಡೆಯ ಗೇಟು ಹಾಕಿತು. ಜಿಲ್ಲಾ ಕಚೇರಿಯಿಂದ ದೊಡ್ಡ ಸಾಹೇಬರ ಫೋನು ಬಂತು.

“ಯಾರನ್ನೂ ಬಿಡಬೇಡಿ ಕಸ್ತೂರಿ. ಇದು ಆರ್ಡರ್.”

“ಸರ್, ಆ ಕಡೆ ಇನ್ನೂ ಜನ ಇದ್ದಾರೆ. ಮೇಲಿನ ಡ್ಯಾಮಿನ ನೀರು ಮಧ್ಯಾಹ್ನ ಬಂದರೆ ಗಡ್ಡೆ ಮುಳುಗುತ್ತೆ.”

“ಹೆಲಿಕಾಪ್ಟರ್ ಕೇಳಿದ್ದೇವೆ. ಮೋಡ ತಿಳಿಯಾದ ಕೂಡಲೇ ಬರುತ್ತೆ.”

ಕಿಟಕಿಯಿಂದ ನೋಡಿದೆ. ಮೋಡ ನಾಳೆಯವರೆಗೆ ತಿಳಿಯಾಗುವ ಲಕ್ಷಣವಿರಲಿಲ್ಲ. ಆ ಸೆಳೆತಕ್ಕೆ ದೋಣಿ ಇಳಿಸುವ ಮಾತೇ ಇರಲಿಲ್ಲ. ಅಲ್ಲಿ ಇದ್ದವರು ಅರವತ್ತು ಜನ, ಅವರಲ್ಲಿ ನನ್ನ ಗಂಡ ಒಬ್ಬರು. ಸುಳ್ಳು ಯಾಕೆ ಹೇಳಲಿ, ಆ ಹೊತ್ತಿಗೆ ನನಗೆ ಕಂಡದ್ದು ಅವರೊಬ್ಬರೇ.

ಎಷ್ಟೋ ವರ್ಷಗಳ ಮೇಲೆ ಕಾಗದ ಪೆನ್ನು ಎಳೆದುಕೊಂಡೆ. ಸೇತುವೆ ಬರೆದೆ. ನಡು ಅಂಕಣದ ಮೇಲೆ ಗೆರೆ ಹಾಕಿ ಕತ್ತರಿಸಿದೆ. ಲೆಕ್ಕ ಮರೆತಿರಲಿಲ್ಲ. ಸೇತುವೆಯ ಸ್ವಂತ ಭಾರ ಎರಡೂ ಕಡೆಗೆ ಸರಿಸಮ, ಆದ್ದರಿಂದ ನಟ್ಟನಡುವಿನ ಓರೆತೊಲೆಗೆ ಅದರಿಂದ ಏನೂ ಬರುವುದಿಲ್ಲ. ಅದಕ್ಕೇ ಹಸಿರು, ಅದಕ್ಕೇ ಸೀಳಿದರೂ ಬಿದ್ದಿರಲಿಲ್ಲ. ಗಡ್ಡೆಯ ಕಡೆಯ ಅರ್ಧದಲ್ಲಿ ಜನ ಕಾಲಿಟ್ಟರೆ ಆ ತೊಲೆಯಲ್ಲಿ ಎಳೆತ, ಸೀಳು ಬಾಯಿ ಬಿಡುತ್ತದೆ. ಊರ ಕಡೆಯ ಅರ್ಧದಲ್ಲಿ ಭಾರ ಇದ್ದರೆ ಅದೇ ತೊಲೆಯಲ್ಲಿ ಒತ್ತಡ, ಸೀಳು ಬಾಯಿ ಮುಚ್ಚುತ್ತದೆ. ಸೀಳಿದ ಕೋಲನ್ನು ಎಳೆದರೆ ಎರಡಾಗುತ್ತದೆ, ನೆಲಕ್ಕೆ ಊರಿ ಒತ್ತಿದರೆ ಸ್ವಲ್ಪ ಹೊತ್ತು ತಡೆಯುತ್ತದೆ. ಅಷ್ಟೇ ವಿಷಯ.

ಆ ಕಡೆಯಿಂದ ಜನ ಬರುವಷ್ಟು ಹೊತ್ತೂ ಈ ಕಡೆ ಅದಕ್ಕಿಂತ ಹೆಚ್ಚು ಭಾರ ನಿಂತಿರಬೇಕು. ಅದೂ ದಡದ ಹತ್ತಿರ ನಿಂತರೆ ಉಪಯೋಗವಿಲ್ಲ. ದಡದ ಹತ್ತಿರದ ಭಾರವನ್ನು ದಡವೇ ನುಂಗಿಬಿಡುತ್ತದೆ. ನಡುವಿಗೆ ಹತ್ತಿರ, ಆ ಸೀಳಿದ ತೊಲೆಯ ಪಕ್ಕದಲ್ಲೇ ನಿಲ್ಲಬೇಕು. ಲಾರಿ ನಿಲ್ಲಿಸೋಣವೆಂದರೆ ಸೇತುವೆ ಏರುವ ಮಣ್ಣಿನ ರಸ್ತೆ ಬೆಳಗಿನ ಮಳೆಗೆ ಕುಸಿದು, ನಡೆದು ಹೋಗುವ ಮೆಟ್ಟಿಲು ಮಾತ್ರ ಉಳಿದಿತ್ತು. ಹಾಗಾದರೆ ಉಳಿದದ್ದು ಮನುಷ್ಯರು.

“ಮೌನೇಶ, ಗೇಟು ತೆಗಿ. ವೈರ್‌ಲೆಸ್‌ನ್ಯಾಗ ನನಗ ಆ ತೊಲಿ ಬಣ್ಣ ಹೇಳಕೋತ ಇರು. ಆ ಕಡೆ ನರ್ಸಿಗೂ ಹೇಳು, ನಾ ಕೈ ಬೀಸಿದ ಮ್ಯಾಲ ಹತ್ತತ್ತು ಮಂದಿನ್ನ ಬಿಡು ಅಂತ.”

“ಮೇಡಂ, ಸಾಹೇಬ್ರು...”

“ನನ್ನ ಹೆಸರು ಹೇಳು.”

ದಡದಲ್ಲಿ ಟಾರ್ಪಾಲಿನ ಕೆಳಗೆ ಗಡ್ಡೆಯಿಂದ ಮೊದಲೇ ಬಂದವರು ಕೂತಿದ್ದರು. ಊರಿನವರೂ ಇದ್ದರು. ನಾನು ಮಳೆಯಲ್ಲೇ ನಿಂತು ಹೇಳಿದೆ. ತ್ರಿಕೋನ ಹೇಳಿದೆ, ಎಳೆತ ಹೇಳಿದೆ, ಒತ್ತಡ ಹೇಳಿದೆ. ಬೆರಳಲ್ಲಿ ಕೆಸರಿನ ಮೇಲೆ ಚಿತ್ರವನ್ನೂ ಬರೆದೆ. ಎಲ್ಲರೂ ತಲೆಯಾಡಿಸಿದರು. ಯಾರೂ ಏಳಲಿಲ್ಲ.

ಒಬ್ಬ ಗಡ್ಡದವನು ಕೇಳಿದ. “ನಾವು ನಿಂತ್ರ ಆ ತೊಲಿ ಯಾವ ಬಣ್ಣ ಆಗ್ತದ್ರೀ?”

“ಕೆಂಪಾಗ್ತದ. ಕೆಂಪಾಗ್ಬೇಕು.”

“ಕೆಂಪು ಕಂಡ್ರ ಬಿಡ್ರಿ ಅಂತ ಬೋರ್ಡ್ ನೀವಾ ಹಾಕೀರಲ್ರಿ ಮೇಡಮ್ಮಾರ?”

ಕೆಸರಿನ ಚಿತ್ರವನ್ನು ಕಾಲಿನಿಂದ ಅಳಿಸಿದೆ. ನನ್ನಲ್ಲಿ ಉಳಿದದ್ದು ಒಂದೇ ಮಾತು, ಅದು ಅಳುವಿನ ಜೊತೆಗೇ ಬಂತು.

“ಆ ಕಡೆ ನನ್ನ ಗಂಡ ಅದಾರ್ರೀ. ನಿಮಗ ಗುಳಗಿ ಕೊಡೋ ಕಂಪೌಂಡರ್ ಸಂಗನಬಸು. ನೀವು ನಿಲ್ಲಲಿಲ್ಲಂದ್ರ ಅವರು ಬರಾಂಗಿಲ್ಲ. ನನಗ ಮತ್ತೇನೂ ಗೊತ್ತಿಲ್ಲ.”

ಗಡ್ಡೆಯ ಸತ್ಯವ್ವ, ಬೆಳಿಗ್ಗೆಯಷ್ಟೇ ದಾಟಿ ಬಂದ ಧಡೂತಿ ಹೆಂಗಸು, ಪಕ್ಕದವಳ ಭುಜ ಹಿಡಿದು ಎದ್ದಳು.

“ಹುಟ್ಟಿದಾಗಿಂದ ಡುಮ್ಮಿ ಡುಮ್ಮಿ ಅಂತ ಬೈಸ್ಕೊಂಡ ಬಂದೀನಿ. ಇವತ್ತರ ನನ್ನ ಮೈ ಯಾರಿಗಾದ್ರೂ ಬೇಕಾತಲ್ಲ, ನಡೀರ್ಯವ್ವಾ,” ಎಂದಳು.

ನಕ್ಕವರು ಎದ್ದರು. ಅವರನ್ನು ನೋಡಿ ಮತ್ತೊಬ್ಬರು ಎದ್ದರು. ನಲವತ್ತು ಜನರಷ್ಟು ಮೆಟ್ಟಿಲು ಹತ್ತಿದರು. ನಾನು ಮುಂದೆ, ಅವರು ಹಿಂದೆ. ನಡು ಅಂಕಣದ ಅಂಚಿಗೆ ಬಂದು ನಿಂತೆವು. ಕಾಲ ಕೆಳಗೆ ನೀರು ಒದರುತ್ತಿತ್ತು. ಸೀಳು ಕೈಗೆ ಸಿಗುವಷ್ಟು ಹತ್ತಿರ, ಒಳಗಿನ ಹೊಸ ಕಬ್ಬಿಣ ಹೊಳೆಯುತ್ತಿತ್ತು. ನಾನು ಕೈ ಬೀಸಿದೆ. ಆ ದಡದಲ್ಲಿ ವೈರ್‌ಲೆಸ್ ಹಿಡಿದಿದ್ದ ನರ್ಸು ಹತ್ತು ಜನರ ಮೊದಲ ಗುಂಪನ್ನು ಬಿಟ್ಟಳು.

ಅವರು ಇನ್ನೂ ದೂರದಲ್ಲಿದ್ದರು. ನಮ್ಮ ಭಾರಕ್ಕೆ ಓರೆತೊಲೆ ಗುಲಾಬಿಯಾಯಿತು, ಆಮೇಲೆ ಕೆಂಪಾಯಿತು. ಯಾರೋ ಹಿಂದಿನಿಂದ ಕೂಗಿಯೇ ಬಿಟ್ಟರು.

“ಕೆಂಪ್ ಬಂತೋ!”

ಓಡಿದರು. ಈಗಷ್ಟೇ ತಲೆಯಾಡಿಸಿದವರು, ಎಲ್ಲ ತಿಳಿದು ಬಂದವರು, ಒಬ್ಬರನ್ನೊಬ್ಬರು ತಳ್ಳಿಕೊಂಡು ಓಡಿದರು. ಅವರ ತಪ್ಪಲ್ಲ, ಕಾಲಿನ ತಪ್ಪು. ಹತ್ತು ವರ್ಷ ನಾವೇ ಕಲಿಸಿದ್ದೆವು. ಆ ಹತ್ತು ಜನ ಅಷ್ಟರಲ್ಲಿ ಅವರ ಅರ್ಧದ ನಡುವಿಗೆ ಬಂದಿದ್ದರು. ಕೆಂಪು ನನ್ನ ಕಣ್ಣ ಮುಂದೆಯೇ ಹಸಿರಾಯಿತು, ಹಸಿರು ನೀಲಿಯಾಗತೊಡಗಿತು. ಎಷ್ಟು ಚೆಂದದ ನೀಲಿ! ಸೀಳು ಬಾಯಿ ತೆರೆಯಿತು. ಬಂದೂಕು ಹಾರಿಸಿದಂಥ ಸದ್ದು ಬಂತು, ಕಾಲ ಕೆಳಗಿನ ಹಾಸು ಒಂದು ಕಡೆ ಜಾರಿದಂತಾಯಿತು. ಆ ಹತ್ತು ಜನ ಅಲ್ಲೇ ಮಲಗಿ ಕಂಬಿ ತಬ್ಬಿಕೊಂಡರು.

“ನೀಲಿ! ಮೇಡಂ, ನೀಲಿ!” ಎಂದು ಮೌನೇಶ ವೈರ್‌ಲೆಸ್‌ನಲ್ಲಿ ಅರಚುತ್ತಿದ್ದ.

ಓಡುವವರ ದಾರಿಗೆ ಅಡ್ಡವಾಗಿ ಸತ್ಯವ್ವ ಧೊಪ್ಪನೆ ಕೂತಳು. ಕಾಲು ಚಾಚಿ, ಎರಡೂ ಕೈ ಅಗಲಿಸಿ.

“ನನ್ನ ತುಳದು ಹೋಗ್ರಲೇ! ಅಲ್ಲಿ ಬಿದ್ದಾವ ನಮ್ಮೂರ ಮಂದಿ. ಹೊಳ್ಳಿ ನಡೀರಿ!”

ತುಳಿದು ಹೋಗುವ ಧೈರ್ಯ ಯಾರಿಗೂ ಬರಲಿಲ್ಲ. ನಾನೂ ಬಾಯಿಗೆ ಬಂದದ್ದೆಲ್ಲ ಬೈದೆ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಲಿಸದ ಬೈಗುಳಗಳು. ಗಡ್ಡದವನು ಮೊದಲು ಹಿಂತಿರುಗಿದ. ಆಮೇಲೆ ಉಳಿದವರು. ಒಬ್ಬರ ಕೈ ಒಬ್ಬರು ಹಿಡಿದು, ಆ ತೊಲೆಗೆ ಬೆನ್ನು ಮಾಡಿ, ಕಣ್ಣಿಗೆ ಬಣ್ಣವೇ ಬೀಳದ ಹಾಗೆ ನಿಂತರು. ಸೀಳು ಮುಚ್ಚಿತು. ತೊಲೆ ಕೆಂಪಾಯಿತು. ಈ ಸಲ ಯಾರೂ ಕೂಗಲಿಲ್ಲ.

ಮಲಗಿದವರು ಎದ್ದು ಬಂದರು. ಎರಡನೆಯ ಗುಂಪು ಬಂತು, ಮೂರನೆಯದು ಬಂತು, ಹಾಗೇ ಉಳಿದವೂ ಬಂದವು. ಎಲ್ಲರಿಗಿಂತ ಕೊನೆಗೆ ಪಾರ್ಶ್ವವಾಯು ಬಡಿದ ಮುದುಕನೊಬ್ಬನನ್ನು ಮಂಚದ ಸಮೇತ ನಾಲ್ಕು ಜನ ಹೊತ್ತು ತಂದರು. ದಾಟಿದವರು ದಡಕ್ಕೆ ಹೋಗಲಿಲ್ಲ. ನಿಂತವರನ್ನು ನೋಡಿ, ಏನು ಎತ್ತ ಎಂದು ಕೇಳದೆ, ಅವರೂ ಬಂದು ನಮ್ಮ ಜೊತೆಗೇ ನಿಂತರು. ನನಗೆ ಎದೆ ತುಂಬಿ ಬಂತು. ಎಷ್ಟು ಜನ ಸೇರಿದರು ಎಂದು ಎಣಿಸುವುದನ್ನೇ ಮರೆತೆ, ಅದೇ ತಪ್ಪಾಯಿತು.

“ಮೇಡಂ, ಭಾಳ ಕೆಂಪಾತು,” ಮೌನೇಶನ ದನಿ. “ಸೀಳಿನ ಎರಡೂ ಮುಖ ಒಂದರ ಮ್ಯಾಲೊಂದು ಜಾರಾಕತ್ತಾವ್ರಿ.”

ನೋಡಿದೆ. ಆಗ ಆದ ಸದ್ದಿಗೆ ಎಳೆಯಷ್ಟೇ ಉಳಿದಿದ್ದ ಚೂರೂ ಈ ಜಾರಿಕೆಗೆ ಹರಿದಿತ್ತು. ಈಗ ಎರಡು ತುಂಡುಗಳು ಬರೀ ಒಂದಕ್ಕೊಂದು ಆತು ನಿಂತಿದ್ದವು. ಅತಿಯಾಗಿ ಒತ್ತಿದರೆ ಒಂದು ಇನ್ನೊಂದರಿಂದ ಜಾರಿ ಹೊರಬೀಳುತ್ತದೆ. ಜನ ಕಡಿಮೆಯಾದರೆ ಎಳೆತ, ಹೆಚ್ಚಾದರೆ ಜಾರಿಕೆ. ಎರಡರ ನಡುವಿನ ಜಾಗ ಕಿರಿದಾಗುತ್ತಿತ್ತು.

ಮಂಚ ಹೊತ್ತವನನ್ನು ಕೇಳಿದೆ. “ಕಂಪೌಂಡರ್ ಎಲ್ಲಿ?”

“ಮನಿಗೋಳೊಳಗ ಯಾರರ ಉಳದಾರೇನು ಅಂತ ನೋಡಾಕ ಹೋಗ್ಯಾರ್ರಿ. ನೀವು ನಡೀರಿ, ಬರ್ತೀನಿ ಅಂದ್ರು.”

ಎಲ್ಲಾ ಬಿಟ್ಟು ಇವತ್ತೇ ಇವರಿಗೆ ಧೈರ್ಯ ಬರಬೇಕಿತ್ತೇ! ಹಲ್ಲು ಕಚ್ಚಿಕೊಂಡು ಜನರ ಕಡೆ ತಿರುಗಿದೆ.

“ಎಲ್ಲಾರೂ ಇಳೀರಿ. ಸಾವಕಾಶ, ಹಿಂದಿನವ್ರು ಮೊದಲು. ಓಡಬ್ಯಾಡ್ರಿ.”

ಗಡ್ಡದವನು ಅಲುಗಲಿಲ್ಲ. “ನಿಮ್ಮ ಯಜಮಾನ್ರು ಬರೂತನಾ ನಾವು ಹೋಗಂಗಿಲ್ಲ. ಕೆಂಪಿದ್ರ ಚಲೋ ಅಂತ ನೀವಾ ಹೇಳೀರಿ.”

“ಈಗ ಅತಿಯಾತಪ್ಪಾ. ಅತಿಯಾದ್ರ ಅದೂ ಮುರೀತದ.”

“ಒಮ್ಮೆ ನಿಲ್ಲಂತೀರಿ, ಒಮ್ಮೆ ಹೋಗಂತೀರಿ!”

“ಒಬ್ಬರ ಸಲುವಾಗಿ ಒಬ್ಬರು ನಿಂತ್ರ ಸಾಕು. ಬರಾವ್ರು ಒಬ್ಬರ ಅದಾರ, ನಾ ಒಬ್ಬಾಕಿ ನಿಲ್ತೀನಿ. ನಿಮ್ಮ ಕಾಲಿಗೆ ಬೀಳ್ತೀನಿ, ಇಳೀರಿ.”

ಇಳಿದರು. ಹಿಂದೆ ತಿರುಗಿ ನೋಡುತ್ತಾ ಇಳಿದರು.

ನಾನು ಹೇಳಿದ್ದು ಸುಳ್ಳು. ನನ್ನ ತೂಕ ನಲವತ್ತೈದು ಕಿಲೋ. ಇವರದು ಎಂಬತ್ತರ ಮೇಲೆ. ದೂರದಲ್ಲಿರುವವರೆಗೆ ನಾನು ಸಾಕು. ನಡುವಿಗೆ ಬಂದಂತೆ ಅವರ ಭಾರ ಗೆಲ್ಲುತ್ತದೆ, ಎರಡು ತುಂಡುಗಳೂ ಬಿಟ್ಟುಕೊಳ್ಳುತ್ತವೆ. ಇಬ್ಬರೂ ಹೊಳೆಗೆ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಆ ಜಾರುವ ಕಬ್ಬಿಣವನ್ನು ಕಂಡ ಮೇಲೆ, ನನ್ನ ಗಂಡನಿಗಾಗಿ ನೀನು ಇಲ್ಲಿ ನಿಲ್ಲು ಎಂದು ಇನ್ನೊಬ್ಬರ ಮಗನಿಗೋ ಮಗಳಿಗೋ ಹೇಳಲು ನಾಲಿಗೆ ಏಳಲಿಲ್ಲ.

ಆ ತುದಿಯಲ್ಲಿ ಇವರು ಕಂಡರು. ಒಬ್ಬರೇ. ಹೆಗಲ ಮೇಲೆ ಔಷಧದ ಚೀಲ. ಗಡ್ಡೆಯ ಕಡೆ ನೀರು ಆಗಲೇ ರಸ್ತೆ ಹತ್ತಿತ್ತು. ಅವರು ಸೇತುವೆಗೆ ಕಾಲಿಟ್ಟರು.

ನನ್ನ ಹಿಂದೆ ಯಾರೋ ಸೀನಿದರು. ತಿರುಗಿದೆ. ಸತ್ಯವ್ವ ಕೂತ ಜಾಗದಿಂದ ಜರುಗುತ್ತಾ ಜರುಗುತ್ತಾ ನನ್ನ ಪಕ್ಕಕ್ಕೇ ಬಂದಿದ್ದಳು.

“ಎವ್ವಾ, ನಿನಗ ಇಳಿ ಅಂದಿದ್ನಲ್ಲ!”

“ಕುಂತೀನಿ, ಏಳಾಕ ಬರವಲ್ದು.” ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ನಿನ್ನ ಮೈಯಾಗರ ಏನದ ತಂಗಿ? ಗಾಳಿ ಬಂದ್ರ ಹಾರಿ ಹೋಗ್ತಿ. ಆ ಗಂಡಸನ್ನ ನೀ ಒಬ್ಬಾಕಿ ತೂಗ್ತೀಯೇನು? ನಾ ಅದೀನಿ, ಸುಮ್ನ ನಿಲ್ಲು.”

ನಾನು ಅವಳ ಕೈ ಹಿಡಿದುಕೊಂಡೆ. ಹಿಡಿದುಕೊಂಡು ಮಗುವಿನ ಹಾಗೆ ಅತ್ತೆ.

ಇವರು ನಡೆದು ಬಂದರು. ಒಂದು ಅಂಕಣ, ಇನ್ನೊಂದು. ಪ್ರತಿ ಹೆಜ್ಜೆಗೂ ತೊಲೆಯ ಕೆಂಪು ಒಂದಿಷ್ಟು ಸಡಿಲವಾಗುತ್ತಿತ್ತು, ಆದರೆ ಹಸಿರಿಗೆ ಇಳಿಯಲಿಲ್ಲ. ಸತ್ಯವ್ವ ಹಿಡಿದಿದ್ದಳು. ಮೌನೇಶ ವೈರ್‌ಲೆಸ್‌ನಲ್ಲಿ ಮಂತ್ರದ ಹಾಗೆ ಕೆಂಪು, ಕೆಂಪು, ಕೆಂಪು ಎನ್ನುತ್ತಿದ್ದ. ನಡು ಅಂಕಣದ ಆಚೆ ಅಂಚಿಗೆ ಬಂದು ಇವರು ನಿಂತುಬಿಟ್ಟರು. ನಮ್ಮ ನಡುವೆ ಒಂದೇ ಅಂಕಣ. ಪಕ್ಕದಲ್ಲಿ ಸೀಳಿದ ತೊಲೆ. ಅವರ ಕಣ್ಣು ಅದರ ಮೇಲೆಯೇ ಇತ್ತು, ಕಾಲು ಕಿತ್ತರೂ ಬರುವಂತಿರಲಿಲ್ಲ. ಒಂದು ಹೆಜ್ಜೆ ಹಿಂದಕ್ಕೂ ಇಟ್ಟರು. ಹಿಂದೆ ಹೋದರೆ ಹೋಗಲು ಗಡ್ಡೆಯೇ ಉಳಿದಿರಲಿಲ್ಲ.

“ಕಸ್ತೂರೀ! ಕೆಂಪಾಗೇದಲ್ಲೇ!” ನೀರಿನ ಅಬ್ಬರದ ಮೇಲೆ ಅವರ ದನಿ ಮಗುವಿನದರಂತೆ ಬಂತು.

ಎಳೆತ, ಒತ್ತಡ, ತ್ರಿಕೋನ ಯಾವುದೂ ನನ್ನ ಬಾಯಿಗೆ ಬರಲಿಲ್ಲ.

“ನಾವು ಹಿಡದೀವಿ, ಅದಕ್ಕ ಕೆಂಪಾಗೇದರೀ. ಬರ್ರಿ.”

ಅವರು ತೊಲೆಯಿಂದ ಕಣ್ಣು ಕಿತ್ತು ನನ್ನನ್ನು ನೋಡಿದರು, ನನ್ನ ಕೈ ಹಿಡಿದು ಕೂತ ಸತ್ಯವ್ವನನ್ನು ನೋಡಿದರು. ಆಮೇಲೆ ಕೆಂಪಿನೊಳಗೆ ಕಾಲಿಟ್ಟರು.